ಗೋಲಿಗಾಗಿ ಕಾದ ಕರಡಿಗಳು

ಕೆಸ್ಟ್ರಲ್ ಲೇಕ್, ಡಿಸೆಂಬರ್

ಪ್ರೀತಿಯ ಅಣ್ಣ ಓರೆಸ್ಟ್‌ಗೆ,

ಹೌದು, ನಮ್ಮೂರಿನ ಹೊಸ ಐಸ್ ಹಾಕಿ ತಂಡ ವೃತ್ತಿಪರ ಲೀಗಿನ ಮೊದಲ ವರ್ಷವೇ ಸೋತು ಸುಣ್ಣವಾಗಿದೆ. ನಮ್ಮವರ ಮೊದಲ ಗೋಲಿಗೆ ಐಸ್ ಮೇಲೆ ಎಸೆದು, ಆಮೇಲೆ ಆಸ್ಪತ್ರೆಯ ಮಕ್ಕಳಿಗೆ ಕೊಡೋಣವೆಂದು, ಹಬ್ಬಕ್ಕೆ ಮುಂಚೆಯೇ ನಡೆದ ಕ್ರಿಸ್‌ಮಸ್ ಆಟಕ್ಕೆ ಎಲ್ಲರೂ ಗೊಂಬೆ ಕರಡಿ ತಂದಿದ್ದೆವು. ಗೋಲೇ ಆಗಲಿಲ್ಲ, ಕಂಕುಳಲ್ಲಿಟ್ಟುಕೊಂಡು ಮನೆಗೆ ಮರಳಿದೆವು. ನೀನು ಫೋನಿನಲ್ಲಿ, "ಕರಡಿಗೆ ಊಟ ಹಾಕಿದ್ಯೇನೇ?" ಎಂದು ನಕ್ಕೆ.

ನಿನ್ನೆ ನಿಮ್ಮೂರಿನ ತಂಡ ಬಂದಾಗ ಅವೇ ಕರಡಿಗಳನ್ನು ಹೊತ್ತು ಹೋದೆವು. ಟಿಕೆಟ್ ನೋಡುವವನು, "ಮತ್ತೆ ತಂದ್ರಾ ಅಕ್ಕಾ?" ಎಂದ.

"ಗೋಲಾಗೋವರೆಗೂ ತರ್ತೀವಿ ಕಣಪ್ಪಾ," ಎಂದೆ.

ಆರು ಗೋಲು ಬಿಟ್ಟುಕೊಟ್ಟ ಮೇಲೆ ನಾವೂ ಒಂದು ಹೊಡೆದೆವು. ಸೋತೆವು, ನಿಜ. ಆದರೂ ಹಬ್ಬಕ್ಕೆ ಬರುವಾಗ ನೀನೂ ಒಂದು ಕರಡಿ ತಾ. ನಿನ್ನೆ ಐಸ್ ತುಂಬ ಬಿದ್ದ ನಮ್ಮ ಕರಡಿಗಳನ್ನು ಎತ್ತಲು ಗೆದ್ದ ನಿಮ್ಮವರೂ ಬಗ್ಗಬೇಕಾಯಿತು.

ನಿನ್ನ ತಂಗಿ,
ಡಾರ್ಕಾ