ಮಸ್ಕಿ ದಾಟಿದ ಮೇಲೆ ಸತ್ತವನು

2 ನವೆಂಬರ್ 2025, ರವಿವಾರ, ಸಂಜೆ

ಮತ್ತೆ ತಡ. ಒಂಬತ್ತನೇ ತರಗತಿಯ ಗಣಿತದ ಪೇಪರ್ ಅರ್ಧ ತಿದ್ದಿ, ಅನ್ನಕ್ಕಿಟ್ಟು, ಕುಕ್ಕರನ್ನು ಗಂಡ ಆಸೀಮ್ ಅವರ ಸುಪರ್ದಿಗೆ ಕೊಟ್ಟು ಓಡಿದೆ. ಬಂದು ನೋಡಿದರೆ ಗಂಜಿ. ಊರಿನ ಅರ್ಧ ಟ್ರ್ಯಾಕ್ಟರುಗಳಿಗೆ ಬಿಡಿಭಾಗ ಮಾರುವ ಮನುಷ್ಯನಿಗೆ ಒಂದು ಕುಕ್ಕರಿನ ಸೀಟಿ ಲೆಕ್ಕಕ್ಕೆ ಸಿಗುವುದಿಲ್ಲ.

ಲೈಬ್ರರಿಯ ಕಥಾ ಕಮ್ಮಟ ಶುರುವಾಗಿದೆ. ಪ್ರತಿ ರವಿವಾರ, ಸದಸ್ಯರಿಗೆ ಮಾತ್ರ. ಮದುವೆಯಾಗಿ ಸಿಂಧನೂರಿಗೆ ಬಂದಾಗಿನಿಂದ ಗೊಬ್ಬರದಂಗಡಿಯ ಮೇಲಿನ ಆ ಎರಡು ಕೋಣೆಯ ಲೈಬ್ರರಿಗೆ ಚಂದಾ ಕಟ್ಟುತ್ತಿದ್ದೇನೆ. ಕೆಳಗಿನ ಸಾಲಿನ ಪತ್ತೇದಾರಿ ಕಾದಂಬರಿ ಒಂದನ್ನೂ ಬಿಟ್ಟಿಲ್ಲ. ಓದಿದ್ದು ಸಾಕು, ಇನ್ನು ಬರೆಯಬೇಕು ಅಂತಲೇ ಹೆಸರು ಕೊಟ್ಟೆ.

ಕಲಿಸಲು ಬರುವವರು ಕಲಬುರಗಿಯ ವಿರೇಶ ಸರ್. ಪಾಠ ಒಳ್ಳೆಯದು, ಸುಳ್ಳು ಹೇಳಬಾರದು. ಕಥೆ ಎಲ್ಲಿಂದ ಶುರು ಮಾಡಬೇಕು ಅಂತ ಇವತ್ತು ಹೇಳಿದ್ದು ತಲೆಯಲ್ಲಿ ಕೂತಿದೆ. ಕೊನೆಗೆ ಒಬ್ಬೊಬ್ಬರನ್ನೇ ಕೇಳಿದರು, ಏನು ಬರೀತೀರಿ ಅಂತ. ಒಬ್ಬರು ಅವ್ವ ಅಂದರು. ಇನ್ನೊಬ್ಬರು ಹಸಿವು. ನನ್ನ ಸರದಿ ಬಂತು.

"ಬಸ್ಸಿನಾಗ ಒಂದು ಕೊಲಿರಿ ಸರ್. ಸಿಂಧನೂರು-ಲಿಂಗಸುಗೂರು ಬಸ್ಸು. ಮಸ್ಕ್ಯಾಗ ಇಳದು ಚಾ ಕುಡದ ಮನಿಷ್ಯಾ ಲಿಂಗಸುಗೂರಿಗಿ ಬರೂದ್ರಾಗ ಹೆಣ ಆಗಿರ್ತಾನ. ನಡುವ ಬಸ್ಸು ಎಲ್ಲೂ ನಿಂತಿರಂಗಿಲ್ಲ."

ಎಲ್ಲರೂ ನಕ್ಕರು. ಸರ್ ನಗಲಿಲ್ಲ, ಮುಗುಳ್ನಕ್ಕರು. ಅದು ಇನ್ನೂ ಕೆಟ್ಟದ್ದು.

"ಅಸ್ಮಾ ಅವರ, ಅಂಥಾವು ಬರಿಯಾಕ ಭಾಳ ಮಂದಿ ಅದಾರ. ನಿಮ್ಮ ಸಮುದಾಯದ ಹೆಣ್ಮಕ್ಕಳ ನೋವು ನೀವ ಬರೀಬೇಕು. ಬ್ಯಾರೆಯವರು ಬರಿಯಾಕ ಬರಂಗಿಲ್ಲ."

"ಯಾವ ನೋವ್ರಿ ಸರ್?"

"ವಿಚಾರ ಮಾಡ್ರಿ."

ಮಾಡಿದೆ. ಸದ್ಯದ ನೋವು ಗಂಜಿಯಾದ ಅನ್ನ.

9 ನವೆಂಬರ್, ರವಿವಾರ

ಮೊದಲ ಭಾಗ ಬರೆದುಕೊಂಡು ಹೋಗಿದ್ದೆ. ಓದಿದೆ. ಕೊಲೆ ಪತ್ತೆ ಮಾಡುವವಳು ಕಂಡಕ್ಟರ್ ಶಿವಲಿಂಗಮ್ಮ. ಯಾರು ಎಲ್ಲಿ ಹತ್ತಿದರು, ಯಾರು ಚಿಲ್ಲರೆ ಇಲ್ಲವೆಂದು ಸುಳ್ಳು ಹೇಳಿದರು, ಯಾರು ಕಿಟಕಿ ಕಡೆ ಮುಖ ಮಾಡಿ ಮಲಗಿದಂತೆ ನಟಿಸಿದರು, ಎಲ್ಲ ಗೊತ್ತಿರುವ ಹೆಂಗಸು. ಪೊಲೀಸರಿಗೇನು ಗೊತ್ತಿರುತ್ತದೆ? ಅವರು ಬರುವುದು ಬಸ್ಸು ನಿಂತ ಮೇಲೆ.

ಈ ಸಲ ಯಾರೂ ನಗಲಿಲ್ಲ. ಪಾಮನಕಲ್ಲೂರಿನ ಅಂಬಪ್ಪ, ಚುಟುಕ ಬರೆಯುವವರು, ಮುಂದಕ್ಕೆ ಬಾಗಿ ಕೂತಿದ್ದರು. ನಾನು ನಿಲ್ಲಿಸುವುದೇ ತಡ, "ಬುರ್ಖಾ ಹಾಕ್ಕೊಂಡ ಗಂಡಸು ಕೊಂದಿರ್ತಾನ. ಹೌದಲ್ರಿ?" ಅಂದರು.

"ಅಲ್ರಿ. ನನ್ನ ಬಸ್ಸಿನಾಗ ಬುರ್ಖಾ ಹಾಕ್ಕೊಂಡಾಕಿ ಡಿ.ಎಡ್. ಪರೀಕ್ಷಾಕ ಹೊಂಟಾಳ. ಓದ್ಕೋಂತ ಕುಂತಾಳ. ಆಕಿನ್ನ ಬಿಟ್ಟಬಿಡ್ರಿ."

ಸರ್ ಹೇಳಿದರು, ಕಟ್ಟುವುದು ಬರುತ್ತದೆ ನಿಮಗೆ, ಆದರೆ ಅನುಭವ ಎಲ್ಲಿ? ವಾರಕ್ಕೆರಡು ಸಲ ಆ ಬಸ್ಸಿನಲ್ಲಿ ಮಸ್ಕಿಗೆ, ನನ್ನ ಅಕ್ಕ ಆಪಾಳ ಮನೆಗೆ ಹೋಗಿ ಬರುವುದು ಅನುಭವವಲ್ಲವಂತೆ.

ಆಗ ನಮ್ಮ ಲೈಬ್ರರಿಯ ಕಾರ್ಯದರ್ಶಿ ಶರಣಬಸವ ಅವರು ಬಾಯಿ ಹಾಕಿದರು. ಹಿರಿಯರು, ಎರಡು ಓಣಿ ಆಚೆ ಮನೆ, ನಮ್ಮ ಮನೆಯದೆಲ್ಲ ಗೊತ್ತು. "ಇವರ ಅಕ್ಕ ರಾಜಾಬೀ ಅಂತ, ಮಸ್ಕ್ಯಾಗ ಬಳಿ ಅಂಗಡಿ ಇಟ್ಟಾರ್ರಿ ಸರ್. ಗಂಡ ತಲಾಖ್ ಕೊಟ್ಟು ಹೈದರಾಬಾದಿಗಿ ಹೋಗ್ಯಾನ. ಕತಿ ಮನ್ಯಾಗ ಇಟಗೊಂಡು ಟೀಚರ್ ಬಸ್‌ಸ್ಟ್ಯಾಂಡಿನಾಗ ಹುಡುಕಾಕತ್ತಾರ."

ಸರ್ ಕಣ್ಣು ಅರಳಿದವು. "ಇದರೀ ಕತಿ ಅಂದ್ರ."

"ಅದು ನಮ್ಮಕ್ಕಂದ್ರಿ. ನಂದಲ್ಲ."

"ಬರಿಯೋರಿಗೆ ನಂದು ನಿಂದು ಇರಂಗಿಲ್ಲ ಟೀಚರ್" ಅಂದರು ಶರಣಬಸವ ಅವರು.

ನನಗೆ ಇರುತ್ತದೆ. ಮೈಯೆಲ್ಲ ಉರಿಯಿತು. ಎದ್ದು ಬರಬೇಕಿತ್ತು. ಬರಲಿಲ್ಲ — ಸಂಭಾಷಣೆ ಬರೆಯುವ ಪಾಠ ಬಾಕಿ ಇತ್ತು. ಅದನ್ನು ಬಿಡಲು ನಾನೇನು ದಡ್ಡಳೇ.

12 ನವೆಂಬರ್

ಆಸೀಮ್ ಅಂಗಡಿಯಿಂದ ಒಂದು ಹಳೆ ಫ್ಯಾನ್ ಬೆಲ್ಟ್ ತಂದು ಅಡುಗೆಮನೆಯಲ್ಲಿಟ್ಟರು. ಏನಿದು ಅಂದೆ. "ನಿನ್ನ ಕೊಲಿಗೆ. ಇದರಿಂದ ಕುತ್ತಿಗಿ ಬಿಗಿದ್ರ ದನಿ ಹೊಂಡಂಗಿಲ್ಲ." ಹೇಳಿ, ಕೈ ತೊಳೆದುಕೊಂಡು ಊಟಕ್ಕೆ ಕೂತರು. ಈ ಮನುಷ್ಯನ ಮೇಲೆ ಯಾವ ನೋವು ಬರೆಯಲಿ?

ಬೆಲ್ಟ್ ಚೆನ್ನಾಗಿದೆ. ಕಥೆಯಲ್ಲಿದ್ದ ಚಾಕು ತೆಗೆದುಹಾಕಿದೆ.

19 ನವೆಂಬರ್, ಬುಧವಾರ, ಶಾಲೆಯಲ್ಲಿ

ಮಧ್ಯಾಹ್ನದ ಬಿಡುವು. ಬರೆಯದಿದ್ದರೆ ಯಾವುದಾದರೂ ಮಗುವಿನ ಮೇಲೆ ಕೂಗಾಡುತ್ತೇನೆ.

ಲೈಬ್ರರಿಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ವಾಟ್ಸಾಪಿನಲ್ಲಿ ಬಂದಿದೆ. ಮೂವತ್ತಕ್ಕೆ ಕಾರ್ಯಕ್ರಮ. ಉದ್ಘಾಟಕರು, ಅಧ್ಯಕ್ಷರು, ಸನ್ಮಾನಿತರು, ಅವರ ಫೋಟೋಗಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸದಸ್ಯರ ಕಥಾವಾಚನ. 'ಶ್ರೀಮತಿ ಅಸ್ಮಾ — ತಲಾಖ್: ಅಕ್ಕನ ಕಣ್ಣೀರು.'

ಒಂದು ಸಾಲೂ ಬರೆಯದ ಕಥೆಗೆ ಶೀರ್ಷಿಕೆ ಅಚ್ಚಾಗಿದೆ. ಅಕ್ಕ ಅಂತ ಬೇರೆ. ನನಗಿರುವುದೇ ಒಬ್ಬಳು ಅಕ್ಕ, ಅದು ಸಿಂಧನೂರಿಗೂ ಗೊತ್ತು, ಮಸ್ಕಿಗೂ ಗೊತ್ತು.

ಶರಣಬಸವ ಅವರಿಗೆ ಫೋನ್ ಮಾಡಿದೆ. ಅವರಿಗೆ ತಪ್ಪೇ ಕಾಣುತ್ತಿಲ್ಲ. "ಏನರ ಒಂದು ಹೆಸರು ಹಾಕಬೇಕಿತ್ತಲ್ರಿ ಟೀಚರ್. ನೀವು ಬರದ ಬರೀತೀರಿ ಅಂತ ಸರ್ ಅಂದ್ರು. ಪ್ರಿಂಟ್ ಆಗಿ ಹೋಗೇತಿ. ಮುಖ್ಯ ಅತಿಥಿಗಳೂ ಅದನ್ನ ಕೇಳಾಕತ್ಯಾರ."

"ನಾ ಬಸ್ಸಿನ ಕತಿ ಓದ್ತೀನ್ರಿ."

"ಅದಾಗಂಗಿಲ್ರಿ. ವೇದಿಕಿಗಿ ಒಂದು ಗೌರವ ಅಂತ ಇರ್ತದ. ಇದು ಓದಂಗಿಲ್ಲಂದ್ರ ನಿಮ್ಮ ಜಾಗಾ ಬ್ಯಾರೆಯವರಿಗೆ ಕೊಡಬೇಕಾಗ್ತದ. ಲೈಬ್ರರಿ ತರೂ ಸಂಕಲನದಾಗೂ ನಿಮ್ಮ ಹೆಸರು ಬರಂಗಿಲ್ಲ."

ಬೆಲ್ ಆಯ್ತು. ಎಂಟನೇ ತರಗತಿ.

20 ನವೆಂಬರ್

ಆಪಾ ಫೋನ್ ಮಾಡಿದಳು. ನಾನು ಮಾಡಬೇಕೆಂದುಕೊಂಡೇ ನಿನ್ನೆಯಿಡೀ ಕಳೆದಿದ್ದೆ. ಹೆದರಿಕೆ. ಬಳೆ ಇಡಿಸಿಕೊಳ್ಳಲು ಬಂದ ಯಾರೋ ಒಬ್ಬಾಕೆ ಕೈ ಚಾಚಿಕೊಂಡೇ ಇನ್ನೊಂದು ಕೈಯಲ್ಲಿ ಮೊಬೈಲ್ ತೋರಿಸಿದಳಂತೆ.

ನಾವಿಬ್ಬರೂ ಮಾತಾಡುವುದು ದಖನಿ ಉರ್ದು. ಸಿಟ್ಟು ಬಂದರೆ ಮಾತ್ರ ಆಪಾ ಕನ್ನಡಕ್ಕೆ ಹೊರಳುತ್ತಾಳೆ, ಗಿರಾಕಿಗಳ ಜೊತೆ ಜಗ್ಗಾಡುವ ಅಂಗಡಿಯ ಕನ್ನಡ. ಇವತ್ತು ಹಲೋ ಅನ್ನುವುದೇ ಕನ್ನಡದಲ್ಲಿ ಬಂತು.

"ಏನ್ ಬೇ, ನನ್ನ ಕಣ್ಣೀರು ಹರಾಜಿಗಿ ಇಟ್ಟೀಯಂತ?"

"ನಾ ಇಟ್ಟಿಲ್ಲ ಆಪಾ. ಅವರ ಹಾಕ್ಯಾರ. ನಾ ಒಂದಕ್ಷರ ಬರದಿಲ್ಲ."

"ನಾ ಯಾವಾಗ ಅತ್ತೀನಿ? ನೀ ಯಾವಾಗ ನೋಡೀದಿ?"

ನೋಡಿಲ್ಲ, ನಿಜ. ಹನ್ನೊಂದು ವರ್ಷದ ಹಿಂದೆ ಅವನು ಹೋದ ವಾರವೇ ಅವಳು ಅಂಗಡಿಗೆ ಜಾಗ ನೋಡಲು ಹೊರಟಿದ್ದಳು. ಅತ್ತದ್ದು ನಾನು, ಅಮ್ಮ, ಓಣಿಯ ಹೆಂಗಸರು. ಇಂದಿಗೂ ಅಂಗಡಿಗೆ ಬರುವವರು ಬಳೆ ಆರಿಸುತ್ತ ಆರಿಸುತ್ತ ಮೆಲ್ಲಗೆ ಕೇಳುವುದು ಅದನ್ನೇ: ಅವ ಮತ್ತ ಬಂದಿದ್ನೇನ್ರಿ, ಏನಾಗಿತ್ರಿ ಖರೇ ಅಂದ್ರ.

"ಹೆಸರು ಹಿಂದಕ್ಕ ತಗೋತೀನಿ. ಹೋಗಂಗಿಲ್ಲ ಬಿಡು" ಅಂದೆ.

"ಯಾಕ ಬಿಡ್ತಿ? ನನ್ನ ಕತಿ ಹೇಳೂದಿದ್ರ ನಾ ಹೇಳ್ತೀನಿ, ಬಾಯಿ ಐತಿ ನನಗ. ನೀ ಹೋಗಿ ನಿನ್ನ ಕೊಲಿ ಮಾಡು."

ಫೋನ್ ಇಟ್ಟಳು. ಎಷ್ಟೋ ದಿನದ ಮೇಲೆ ಎದೆ ಹಗುರ.

23 ನವೆಂಬರ್, ರವಿವಾರ

ಕಮ್ಮಟದ ಕೊನೆಯ ದಿನ. ಎಲ್ಲರೂ ಚಹಾಕ್ಕೆ ಇಳಿದಾಗ ವಿರೇಶ ಸರ್ ಹತ್ತಿರ ಹೋಗಿ ಆಪಾಳ ಕಥೆ ಬರೆಯುವುದಿಲ್ಲ ಅಂತ ನೇರವಾಗಿ ಹೇಳಿದೆ. ಕೆಟ್ಟ ಮನುಷ್ಯರಲ್ಲ. ಆಪಾಳ ಹೆಸರು ಬದಲಿಸಬಹುದು, ಊರು ಬದಲಿಸಬಹುದು ಅಂದರು. ಕಲಬುರಗಿಯಿಂದ ತರುವ ದೊಡ್ಡ ಸಂಕಲನಕ್ಕೂ ಸೇರಿಸುತ್ತೇನೆ ಅಂದರು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಚ್ಚಿನಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ಅಂತ ಒಂದು ಗಳಿಗೆ ಕಣ್ಣ ಮುಂದೆ ಬಂತು. ದಪ್ಪಕ್ಷರದಲ್ಲಿ.

"ಸರ್, ಅಂಬಪ್ಪ ಅವರು ದೆವ್ವದ ಮ್ಯಾಲ ಚುಟುಕ ಬರದ್ರು. ಅವರಿಗೆ ನಿಮ್ಮ ಸಮುದಾಯದ ನೋವು ಅಂತ ನೀವು ಕೇಳಲಿಲ್ಲ. ನನ್ನ ಒಬ್ಬಾಕಿನ್ನ ಯಾಕ ಕೇಳ್ತೀರಿ?"

ಸರ್ ಕನ್ನಡಕ ಒರೆಸಿದರು. ಆಮೇಲೆ ಮೆಲ್ಲಗೆ, "ಹಂಗಾದ್ರ ಈ ಸಲ ಬಿಟ್ಟಬಿಡ್ರಿ. ಮುಂದ ನೋಡೋಣು."

"ಪತ್ರಿಕ್ಯಾಗ ನನ್ನ ಹೆಸರು ಐತ್ರಿ ಸರ್. ನಾ ಬರ್ತೀನಿ."

ಮೆಟ್ಟಿಲು ಇಳಿಯುತ್ತಲೇ ಕಥೆಯ ಮೊದಲ ಸಾಲನ್ನು ಬಾಯಲ್ಲಿ ಹೇಳಿಕೊಂಡೆ.

30 ನವೆಂಬರ್, ರವಿವಾರ, ಸಂಜೆ

ಈಗ ಬರೆಯುತ್ತೇನೆ, ಒಂದೂ ಬಿಡದೆ.

ಕಾರ್ಯಕ್ರಮ ಎಂದಿನಂತೆ ತಡವಾಗಿ ಶುರು. ಉದ್ಘಾಟಕರು ಗ್ರಂಥಾಲಯದ ಮಹತ್ವ ಹೇಳಿದರು. ಅಧ್ಯಕ್ಷರು ಉದ್ಘಾಟಕರ ಮಹತ್ವ ಹೇಳಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಿಂದಿನಿಂದ ಪಲಾವ್ ವಾಸನೆ ಬರತೊಡಗಿದ ಮೇಲೆ ಸದಸ್ಯರ ಕಥೆಗಳಿಗೆ ಸರದಿ ಬಂತು. ಆಪಾ ಅಂಗಡಿ ಮುಚ್ಚಿ ಬಂದು ಎರಡನೇ ಸಾಲಿನಲ್ಲಿ ಕೂತಿದ್ದಳು, ಕೆಂಪು ಬಳೆ, ಹೊಸ ಸೀರೆ. ಆಸೀಮ್ ಹಿಂದೆ, ಬಾಗಿಲ ಹತ್ತಿರ.

ನಾನು ಬಂದಿದ್ದು ನೋಡಿ ಶರಣಬಸವ ಅವರು, ನಾನು ಸೋತೆ ಅಂದುಕೊಂಡರೋ ಏನೋ. ಖುಷಿಯಿಂದಲೇ ಕರೆದರು. "ಈಗ ಅಸ್ಮಾ ಟೀಚರ್ ಅವರಿಂದ, ಹೃದಯ ಕಲಕುವ ಕಥೆ, ಅಕ್ಕನ ಕಣ್ಣೀರು."

ಮೈಕ್ ಹಿಡಿದೆ. "ಈ ಹೆಸರು ನಾ ಇಟ್ಟಿದ್ದಲ್ರಿ. ಆ ಕತಿನೂ ನಂದಲ್ಲ. ಅದು ಯಾರದೈತಿ ಅವರು ಹೇಳಬೇಕನಸಿದ್ರ ಹೇಳ್ತಾರ, ಇಲ್ಲಂದ್ರ ಇಲ್ಲ. ನನ್ನ ಕತಿ ಹೆಸರು, ಮಸ್ಕಿ ದಾಟಿದ ಮೇಲೆ ಸತ್ತವನು."

ಶರಣಬಸವ ಅವರು ಎದ್ದು ನಿಂತರು. ಸಭೆಯ ಎದುರು ಮೈಕ್ ಕಸಿಯುವ ಹಾಗಿಲ್ಲ. ಮತ್ತೆ ಕೂತರು. ನಾನು ಓದಿದೆ.

ಮೊದಲ ಪುಟಕ್ಕೆ ಕುರ್ಚಿ ಸರಿಸುವ ಸದ್ದು ಇತ್ತು. ಎರಡನೇ ಪುಟಕ್ಕೆ ಇರಲಿಲ್ಲ. ಶಿವಲಿಂಗಮ್ಮ ಟಿಕೆಟ್ ಮಷಿನ್ ಹಿಡಿದು ಕೊನೆ ಸೀಟಿಗೆ ಹೋಗಿ, "ಎಣ್ಣಾ, ಲಿಂಗಸುಗೂರು ಬಂತು, ಏಳು" ಅಂತ ಭುಜ ಮುಟ್ಟುವ ಕಡೆ, ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಪಲಾವ್ ಬಡಿಸುವವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಮುಖ್ಯ ಅತಿಥಿಗಳು ಮೊಬೈಲ್ ಕೆಳಗಿಟ್ಟರು. ವಿರೇಶ ಸರ್ ಗದ್ದಕ್ಕೆ ಕೈ ಕೊಟ್ಟು ಕೂತಿದ್ದರು, ಕಮ್ಮಟದಲ್ಲಿ ಒಮ್ಮೆಯೂ ಹಾಗೆ ಕೂತಿರಲಿಲ್ಲ.

ಕೊನೆಯ ಪುಟ. ಶಿವಲಿಂಗಮ್ಮ ಬಸ್ಸಿನ ಬಾಗಿಲು ಹಾಕಿಸಿ, ಎಲ್ಲರನ್ನೂ ಕೂರಿಸಿ, ಕೊಂದವರು ಯಾರು ನನಗ ಗೊತ್ತಾಗೇತಿ ಅನ್ನುತ್ತಾಳೆ. ಒಬ್ಬೊಬ್ಬರ ಮುಖ ನೋಡುತ್ತ ಬರುತ್ತಾಳೆ. ಸರಿಯಾಗಿ ಅಲ್ಲಿ ಪಕ್ಕದಿಂದ ಒಂದು ಚೀಟಿ ಬಂದು ಹಾಳೆಯ ಮೇಲೆ ಕೂತಿತು. 'ಸಮಯ ಮುಗಿದಿದೆ. ದಯವಿಟ್ಟು ನಿಲ್ಲಿಸಿ.' ಶರಣಬಸವ ಅವರ ಅಕ್ಷರ.

ನಿಲ್ಲಿಸಿದೆ. ಹಾಳೆ ಮಡಿಚಿದೆ. "ಧನ್ಯವಾದಗಳು" ಅಂದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಆ ಅಜ್ಜಿ, "ಯಾರವ್ವಾ ಕೊಂದಿದ್ದು?" ಅಂದರು.

"ಟೈಮ್ ಆಗೇತಂತ್ರಿ ಅಮ್ಮಾ. ಚೀಟಿ ಬಂದೇತಿ." ಎತ್ತಿ ತೋರಿಸಿದೆ.

ಸಭೆಯೆಲ್ಲ ಎದ್ದಿತು. "ಓದಲಿ ಬಿಡ್ರಿ", "ಭಾಷಣಕ್ಕ ಟೈಮ್ ಇತ್ತಲ್ಲ" — ಹಿಂದಿನಿಂದ ಬಂದ ಆ ದನಿ ಆಸೀಮ್ ಅವರದು, ಮನೆಗೆ ಬಂದ ಮೇಲೆ ನಾನಲ್ಲ ಅಂದರು. ಮುಖ್ಯ ಅತಿಥಿಗಳೇ "ಮುಗಿಸಲಿ, ನಾ ಕಾಯ್ತೀನಿ" ಅಂದರು. ಶರಣಬಸವ ಅವರು ಬೆವರು ಒರೆಸಿಕೊಂಡು, "ಓದ್ರಿ ಟೀಚರ್, ಐದು ನಿಮಿಷ."

"ಬ್ಯಾಡ್ರಿ. ವೇದಿಕಿಗಿ ಒಂದು ಗೌರವ ಇರ್ತದ. ಸಂಕಲನದಾಗ ಹಾಕ್ರಿ, ಓದ್ಕೋತಾರ."

ಇಳಿದು ಬಂದೆ. ತಪ್ಪಾಯಿತೇ? ಆಗಲಿ. ಬಹಳ ಸಂತೋಷವಾಗಿದೆ. ಇಷ್ಟು ಸಂತೋಷ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

1 ಡಿಸೆಂಬರ್

ಶರಣಬಸವ ಅವರು ಬೆಳಿಗ್ಗೆಯೇ ಮನೆಗೆ. ಚಹಾ ಕುಡಿದರು. ಸಂಕಲನಕ್ಕೆ ಕಥೆ ಬೇಕಂತೆ, ಪೂರ್ತಿ, ನನ್ನದೇ ಶೀರ್ಷಿಕೆಯಲ್ಲಿ. ಹೊಸದಾಗಿ ಚಂದಾ ಕಟ್ಟಲು ಜನ ಬಂದಿದ್ದಾರೆ ಅಂತಲೂ ಅಂದರು. ಆಪಾಳ ಬದುಕನ್ನು ಹಾಗೆ ಬಳಸಿದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಿಸಿದ ಮೇಲೆಯೇ ಒಪ್ಪಿದೆ. ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಆ ಕಿಟಕಿ ಸೀಟಿನವನೇನ್ರಿ?" ಅಂದರು. "ಸಂಕಲನದಾಗ ಓದ್ಕೋರಿ" ಅಂದೆ.

4 ಡಿಸೆಂಬರ್, ಗುರುವಾರ, ಸಂಜೆ

ಆಪಾ ಫೋನಿನಲ್ಲಿ. ಇವತ್ತು ದಖನಿ, ಸಿಟ್ಟಿಲ್ಲ. ಈ ವಾರ ಅಂಗಡಿಗೆ ಬಂದವರು ಯಾರೂ ಅವನ ಬಗ್ಗೆ ಕೇಳಿಲ್ಲವಂತೆ. ಒಬ್ಬರೂ ಇಲ್ಲ. ಬಳೆ ಆರಿಸುತ್ತ ಆರಿಸುತ್ತ ಎಲ್ಲರೂ ಮೆಲ್ಲಗೆ ಕೇಳುವುದು, ನಿಮ್ಮ ತಂಗಿ ಹೇಳ್ಯಾರೇನ್ರಿ, ಬಸ್ಸಿನಾಗ ಕೊಂದವರು ಯಾರು? ಹೇಳುತ್ತ ಹೇಳುತ್ತ ಅವಳ ದನಿ ಒಂದು ಥರ ಆಯಿತು. ಅತ್ತಳೋ ನಕ್ಕಳೋ, ಫೋನಿನಲ್ಲಿ ಕಾಣುವುದಿಲ್ಲ. ನಾನು ಕೇಳಲೂ ಇಲ್ಲ.

ನೀನೇನು ಹೇಳಿದೆ ಅಂದೆ. ಡ್ರೈವರ್ ಅಂತ ಹೇಳಿಬಿಟ್ಟಿದ್ದಾಳೆ. ಮಸ್ಕಿಗೆಲ್ಲ. ಈಗ ನಾನು ಅವಳ ಮರ್ಯಾದೆಗೋಸ್ಕರ ಡ್ರೈವರನ್ನೇ ಕೊಲೆಗಾರ ಮಾಡಬೇಕಂತೆ.

ಮಾಡುವುದಿಲ್ಲ ಅಂದೆ. ನನ್ನ ಬಸ್ಸು, ನನ್ನ ಹೆಣ. ವಿರೇಶ ಸರ್‌ಗೆ ಬಿಟ್ಟುಕೊಡದವಳು ಆಪಾಗೂ ಬಿಟ್ಟುಕೊಡುವುದಿಲ್ಲ. ಕೈ ಸ್ಟೇರಿಂಗ್ ಮೇಲಿರುವ ಮನುಷ್ಯ ಕೊನೆ ಸೀಟಿನವನ ಕುತ್ತಿಗೆ ಬಿಗಿಯುವುದಾದರೂ ಹೇಗೆ? ಗಣಿತದ ಟೀಚರ್ ನಾನು. ಲೆಕ್ಕ ಕೂಡುವುದಿಲ್ಲ.

ಆದರೂ… ಫ್ಯಾನ್ ಬೆಲ್ಟ್. ಬಸ್ಸಿನಲ್ಲಿ ಅದು ಯಾರ ಕೈಗೆ ಸಿಗುತ್ತದೆ? ಮತ್ತೆ ಮಸ್ಕಿಯಲ್ಲಿ ಎಲ್ಲರೂ ಚಹಾಕ್ಕೆ ಇಳಿದಾಗ ಡ್ರೈವರ್ ಮಾತ್ರ ಬಸ್ಸಿನಲ್ಲೇ…