ಹಿಂದಿದ್ದವರಿಗೆ ಕೇಳಿಸಿದ್ದು

ಬಿಳಿಗೆರೆ
೧೯ ಜುಲೈ ೨೦೨೫

ನನ್ನ ಮುದ್ದು ಇಂಪನಾ,

ನಿನ್ನ ಕಾಗದ ಬಂತು. ಫೋನು ಮಾಡದೆ ಯಾಕೆ ಬರೆದಳಪ್ಪ ಅಂದುಕೊಂಡೆ, ಓದಿದ ಮೇಲೆ ತಿಳೀತು. ಫೋನಿನಲ್ಲಿ ಮಾತಾಡಿದರೆ ನಡುಮನೆಯಲ್ಲಿ ಕೂತ ನಿಮ್ಮಪ್ಪನಿಗೆ ಎರಡೂ ಕಡೆಯ ಮಾತು ಕೇಳಿಸುತ್ತೆ. ಹಾಸ್ಟೆಲಿನ ನೀರಿಗಾಗಿ ಧಾರವಾಡದಲ್ಲಿ ನೀವು ಹುಡುಗಿಯರೆಲ್ಲ ಮೆರವಣಿಗೆ ಹೊರಡುತ್ತೀರಿ, ಹೋಗಲಾ ಬೇಡವಾ ಅಂತ ಕೇಳಿದ್ದೀಯ. ಕಳೆದ ತಿಂಗಳು ನಾನು ಕೊಬ್ಬರಿ ಸಭೆಗೆ ಹೋದಾಗ ಏನೇನಾಯ್ತು ಅಂತಲೂ ಕೇಳಿದ್ದೀಯ. ಎರಡನೆಯದನ್ನು ಹೇಳಿದರೆ ಮೊದಲನೆಯದಕ್ಕೆ ಉತ್ತರ ಸಿಗಬಹುದು.

ಬೆಂಬಲ ಬೆಲೆ ಕೇಳೋದಕ್ಕೆ ತಿಪಟೂರಿನಲ್ಲಿ ಸಭೆ ಇಟ್ಟಿದ್ದರು. ನಿಮ್ಮಪ್ಪ, "ಗುಂಪಿನ ಗೊಡವೆ ನಮಗ್ಯಾಕೆ? ಕೂಗಿದರೆ ಬೆಲೆ ಏರ್ತದಾ?" ಅಂದು ತೋಟದ ಕಡೆ ಹೋದರು. ನಾನು ಪಕ್ಕದ ಮನೆ ಮರಿಯಮ್ಮನ ಜೊತೆ ಬಸ್ಸು ಹತ್ತಿದೆ. ನಿನ್ನ ಹತ್ತಿರ ಏನು ಮುಚ್ಚುಮರೆ, ನನಗೆ ಬೆಲೆಗಿಂತ ಹೆಚ್ಚಾಗಿ ನೋಡುವ ಆಸೆ. ಅಟ್ಟದ ಮೇಲೆ ಕಾಯಿ ಒಣಗಿಸಿಕೊಂಡು ಅವರವರ ಮನೆಯಲ್ಲಿರುವ ನಮ್ಮಂಥವರೆಲ್ಲ ಒಂದೇ ಕಡೆ ಸೇರಿದರೆ ಹೇಗೆ ಕಾಣುತ್ತೇವೋ ಅಂತ.

ಮೈದಾನದ ಸುತ್ತ ಕಾಂಪೌಂಡು. ಗೇಟು ಎರಡಿದ್ದವು, ಆದರೆ ಒಂದರ ಬಾಯಿಗೇ ಟ್ರಾಕ್ಟರು ನಿಲ್ಲಿಸಿದ್ದರು. ಆಗ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ. ಬೇಗ ಹೋಗಿದ್ದಕ್ಕೆ ವೇದಿಕೆಯ ಮುಂದೆ ಶಾಮಿಯಾನದ ಕೆಳಗೇ ಜಾಗ ಸಿಕ್ಕಿತು, ಬೊಂಬು ಕಟ್ಟಿದ ತಡೆಗೆ ಒರಗಿ ನಿಂತೆವು. ಪಕ್ಕದಲ್ಲಿ ಹುಳಿಯಾರಿನ ಸಣ್ಣತಿಮ್ಮಯ್ಯ ಅಂತ ಒಬ್ಬ ಅಜ್ಜ. ನಮ್ಮಿಬ್ಬರಿಗೂ ಎಲೆಅಡಿಕೆ ಕೊಟ್ಟು ಊರು ಕೇರಿ ವಿಚಾರಿಸಿದರು.

ರೈತ ಸಂಘದ ರಂಗನಾಥ್ ಮಾತಾಡುತ್ತಿದ್ದಾಗ ಮಳೆ ಸುರಿಯಿತು. ಬಯಲಲ್ಲಿದ್ದವರೆಲ್ಲ ಶಾಮಿಯಾನದೊಳಕ್ಕೆ ಬಂದರು. ಅಷ್ಟೇ ಕಣೇ ಆಗಿದ್ದು. ಲಾಠಿ ಇಲ್ಲ, ಜಗಳ ಇಲ್ಲ. ನೆನೆಯದೆ ಇರೋಣ ಅಂತ ಬಂದರು. ಮರಿಯಮ್ಮ ಮೊದಲು ನಗುತ್ತಲೇ "ತಳ್ಳಬ್ಯಾಡ್ರೋ" ಅಂದಳು. ಆಮೇಲೆ ಅವಳ ನಗು ನಿಂತಿತು. ನನ್ನ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯದಾಯಿತು. ಉಸಿರು ಬಿಟ್ಟರೆ ಖಾಲಿಯಾದ ಅಷ್ಟು ಜಾಗಕ್ಕೂ ಯಾರದೋ ಭುಜ ಬಂದು ಕೂರುತ್ತಿತ್ತು. ತಿರುಗಿ ನೋಡಿದರೆ ಸಣ್ಣತಿಮ್ಮಯ್ಯ ಇಲ್ಲ. ಬೊಂಬಿನ ಕೆಳಗೆ ಅವರ ಹಸಿರು ಶಾಲು ಮಾತ್ರ ಕಾಣುತ್ತಿತ್ತು.

ಮುಂದಿದ್ದವರೆಲ್ಲ "ನಿಲ್ಸಿ, ನಿಲ್ಸಿ" ಅಂತ ಕೂಗಿದೆವು. ರಂಗನಾಥ್ ನಮಗೆ ಹುರುಪು ಬಂತು ಅಂದುಕೊಂಡು ಕೈಯೆತ್ತಿ ಘೋಷಣೆ ಹಾಕಿದರು. ಹಿಂದಿನವರು ಅದಕ್ಕೆ ದನಿ ಸೇರಿಸಿ ಇನ್ನಷ್ಟು ಮುಂದೆ ಬಂದರು. ನಾವು ಕೂಗಿದಷ್ಟೂ ಅವರು ಒತ್ತಿದರು.

ವೇದಿಕೆ ಎದೆಮಟ್ಟಕ್ಕಿತ್ತು. ತಡೆಯ ಮೇಲಿಂದ ಕೈ ಚಾಚಿ ರಂಗನಾಥರ ಪಂಚೆಯ ಅಂಚು ಹಿಡಿದೆಳೆದೆ. ಪಾಪ, ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಬಗ್ಗಿದರು. "ಜನ ಸತ್ತೋಯ್ತಾರೆ ಕಣಪ್ಪಾ, ಮೈಕ್ ಕೊಡು" ಅಂದೆ. ಅವರು ಕೆಳಗೆ ನೋಡಿದರು. ಮುಖ ಬಿಳಿಚಿಕೊಂಡಿತು. ಸ್ಟ್ಯಾಂಡಿನಿಂದ ಮೈಕು ಬಿಚ್ಚಿ ಕೊಟ್ಟರು.

ಪಂಚಾಯ್ತಿ ಸಭೆಯಲ್ಲೂ ಬಾಯಿ ಬಿಡದ ನಾನು ಅದರಲ್ಲಿ ಹೇಳಿದೆ, "ಹಿಂದಿರೋರು ಹಿಂದಕ್ಕೋಗ್ರಪ್ಪ. ಕೂಗಬ್ಯಾಡಿ. ಇಲ್ಲಿ ಒಬ್ರು ಬಿದ್ದವ್ರೆ, ನಮಗೆ ಉಸಿರು ಕಟ್ತಾ ಐತೆ. ಮಳೇಲಿ ನೆನುದ್ರೆ ಯಾರೂ ಸಾಯಲ್ಲ, ಆಚೆಗೋಗಿ."

ಎಲ್ಲ ಸದ್ದೂ ನಿಂತಿತು. ಶಾಮಿಯಾನದ ಮೇಲೆ ಮಳೆ ಬೀಳುವುದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಹಿಂದಿನಿಂದ ಒಂದೊಂದೇ ಸಾಲು ಸಡಿಲವಾಯಿತು. ಯಾರೋ ಓಡಿಹೋಗಿ ಟ್ರಾಕ್ಟರು ತೆಗೆಸಿ ಇನ್ನೊಂದು ಗೇಟು ಬಿಡಿಸಿದರು. ಅಜ್ಜನನ್ನು ಎತ್ತಿ ಮಲಗಿಸಿದಾಗ ತುಟಿ ನೀಲಿಯಾಗಿತ್ತು. ಬಹಳ ಹೊತ್ತಿನ ಮೇಲೆ ಕೆಮ್ಮಿದರು. ಆ ಕೆಮ್ಮು ಕೇಳಿ ನಾನೂ ಮರಿಯಮ್ಮನೂ ತಬ್ಬಿಕೊಂಡು ಅತ್ತೆವು.

ಪಕ್ಕೆಲುಬು ಮುರಿದು ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಲು ಹೋಗಿದ್ದೆ. ಕೇಳಬಾರದಿತ್ತೇನೋ, ಆದರೂ ಹೇಗಿತ್ತಜ್ಜ ಅಂತ ಕೇಳಿದೆ. "ಉಸಿರು ಬಿಡಕ್ಕಾಯ್ತದೆ ಕಣವ್ವ, ಎಳ್ಕಳಕ್ಕಾಗಲ್ಲ. ನನ್ ಮೇಲೆ ಬಿದ್ದೋನು ನಮ್ಮೂರೋನೇ, ಏಳಕ್ಕಾಗದೆ ಅಳ್ತಿದ್ದ" ಅಂದರು.

ನನ್ನ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಹಿಂದಿದ್ದವರಿಗೆ ನಮ್ಮ ಕೂಗು ಕೇಳಿಸಲೇ ಇಲ್ಲವಾ? ಸಂತೆಯಲ್ಲಿ ದಂಡಿನಶಿವರದ ತಿಮ್ಮರಾಜು ಸಿಕ್ಕಿದ. ಅವತ್ತು ಅವನು ಗೇಟಿನ ಹತ್ತಿರ ನಿಂತಿದ್ದನಂತೆ. "ಕೇಳಿಸ್ತು ಕಣಕ್ಕಾ. ಜೈಕಾರ ಅನ್ಕಂಡ್ವಿ. ನಾವು ಯಾರನ್ನೂ ನೂಕಲಿಲ್ಲ, ಅರ್ಧ ಹೆಜ್ಜೆ ಮುಂದೆ ಬಂದ್ವಿ ಅಷ್ಟೇ" ಅಂದ. ಸುಳ್ಳಾಡುವವನಲ್ಲ. ಎಲ್ಲರ ಅರ್ಧ ಹೆಜ್ಜೆಯೂ ಕೂಡಿ ಮುಂದಿದ್ದವರ ಎದೆಯ ಮೇಲೆ ಬಂದಿತ್ತು, ನೋಡು.

ಆದ್ದರಿಂದ ಇಂಪನಾ, ಹೋಗು. ನೀರು ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ ಹೋದ ತಕ್ಷಣ ಹೊರಗೆ ಬರುವ ದಾರಿ ಎಲ್ಲೆಲ್ಲಿದೆ ನೋಡಿಕೋ, ಅಂಚಿನಲ್ಲಿ ನಿಲ್ಲು. ದುಪ್ಪಟ್ಟಾ ಕೊರಳಿಗೆ ಸುತ್ತಿಕೊಳ್ಳಬೇಡ, ಕಾಲಿಗೆ ಶೂ ಹಾಕು. ಇಕ್ಕಟ್ಟಾದರೆ ಎರಡೂ ಕೈ ಎದೆಯ ಮುಂದೆ ಮಡಚಿಕೋ. ಎದುರು ನೂಕಬೇಡ, ಒತ್ತಡ ಸಡಿಲವಾದಾಗಲೆಲ್ಲ ಓರೆಯಾಗಿ ಪಕ್ಕಕ್ಕೆ ಸರಿ. ಯಾರಾದರೂ ಬಿದ್ದರೆ ಮೊದಲು ಎತ್ತು. ನಿನ್ನ ರೂಮಿನ ನಯನಾ ಜೊತೆ, ಕೈ ತಪ್ಪಿದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಂಡಿರು. ಇನ್ನೊಂದು ಮಾತು, ನಿಮ್ಮ ಮುಂದಾಳುಗಳಿಗೆ ಹೇಳು: ಒಬ್ಬಳಾದರೂ ಭಾಷಣ ಬಿಟ್ಟು ಜನರ ಮುಖ ನೋಡುತ್ತಾ ನಿಂತಿರಲಿ. ಅವಳ ಕೈಗೆ ಮೈಕು ಸಿಗುವಂತಿರಲಿ.

ನಿಮ್ಮಪ್ಪನಿಗೆ ನಾನು ಇದ್ಯಾವುದನ್ನೂ ಹೇಳಿಲ್ಲ. ಮಳೆ ಬಂತು, ಸಭೆ ಬೇಗ ಮುಗೀತು ಅಂದಿದ್ದೇನೆ. ಹೇಳಿದರೆ ನಿನ್ನನ್ನೂ ಕಟ್ಟಿಹಾಕುತ್ತಾರೆ ಅನ್ನೋ ಭಯ. ಮೆರವಣಿಗೆ ಮುಗಿದ ಕೂಡಲೇ "ಊಟ ಆಯ್ತು" ಅಂತ ಮೆಸೇಜು ಹಾಕು, ನನಗೆ ಅರ್ಥವಾಗುತ್ತೆ.

ದಾರಿ ನೋಡುತ್ತಿರುವ
ನಿನ್ನ ಅಮ್ಮ
ಮೀನಾಕ್ಷಮ್ಮ

ಕೊನೆಗೆ ಸೇರಿಸಿದ್ದು: ಕವರು ಅಂಟಿಸುವ ಮೊದಲು ಬಟ್ಟೆ ಒಗೆಯಲು ಹೋದೆ. ನಿಮ್ಮಪ್ಪನ ಅಂಗಿಯ ಜೇಬಿನಲ್ಲಿ ಹೊಸ ಸೀಟಿ! ಏನ್ರೀ ಇದು ಅಂದೆ. ಮುಂದಿನ ವಾರ ಹುಳಿಯಾರಿನ ಸಭೆಯಲ್ಲಿ ಗೇಟು ನೋಡಿಕೊಳ್ಳುವವರಿಗೆ ರಂಗನಾಥ್ ಕೊಟ್ಟಿದ್ದಂತೆ, ಇವರೇ ಹೋಗಿ ಹೆಸರು ಕೊಟ್ಟು ಬಂದರಂತೆ. ನನ್ನ ಮುಖ ನೋಡದೆ, "ನೀನು ಮಾತಾಡಿದ್ದನ್ನ ಅವತ್ತೇ ಮೊಬೈಲಲ್ಲಿ ನೋಡ್ದೆ ಕಣೇ. ನಾನು ಅಲ್ಲಿರಬೇಕಿತ್ತು" ಅಂದು ಹೊರಗೆ ಹೋದರು. ಈಗ ತೋಟದ ಆ ತುದಿಯಿಂದ ಸೀಟಿ ಊದುತ್ತಿದ್ದಾರೆ, ಎಷ್ಟು ದೂರ ಕೇಳಿಸುತ್ತೆ ನೋಡಬೇಕಂತೆ. ಅಡುಗೆಮನೆವರೆಗೂ ಚೆನ್ನಾಗಿ ಕೇಳಿಸುತ್ತಿದೆ. ಕೇಳಿಸುತ್ತೆ ಅಂತ ಅವರಿಗೆ ನಾನಿನ್ನೂ ಹೇಳಿಲ್ಲ, ಊದಲಿ.