ಎಡಭುಜ ತಗ್ಗಿದ ರಾಣಿ

ಇನ್ಸ್‌ಬ್ರುಕ್
ಮೇ ೧೪

ಕೋಪ ಇಳಿಯದಿದ್ದರೂ ಓದಿಯೇ ಓದುವ ನನ್ನ ಓಟಿಲಿಗೆ, ಅಮ್ಮನ ಮುತ್ತುಗಳು.

ಫೋನಿನಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ, ಆದ್ದರಿಂದ ಈ ಕಾಗದ. ಇದನ್ನು ಹರಿಯುವುದಾದರೆ ಓದಿದ ಮೇಲೆ ಹರಿ.

ಹೊಸ ಆಟದ ಪೆಟ್ಟಿಗೆಯ ಮೇಲೆ ಬರಬೇಕೆಂದು ನಾನು ಬರೆದ ರಾಣಿಯನ್ನು ನೀನು ನೋಡಿದ್ದೀಯಲ್ಲ. ತಲೆಯ ಮೇಲೆ ಜಿಂಕೆಯ ಕೊಂಬು, ಭುಜದ ತುಂಬ ಚಿನ್ನದ ಬಳ್ಳಿ, ಹೊಟ್ಟೆ ಮಾತ್ರ ಬಯಲು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನಿಜವಾಗಿ ತೊಟ್ಟು ಕಾದಾಡಬಹುದಾದ ಕವಚವೇ ಬೇಕೆಂದು ಆಟದ ಕಂಪನಿಯ ಸೆವೆರಿನ್ ಹಟ ಹಿಡಿದದ್ದರಿಂದ ನಾನು ಇಲ್ಲಿ, ಬುರ್ಗಿಯ ಕುಲುಮೆಗೆ ಬಂದು ಕೂತಿದ್ದೇನೆ.

ಬುರ್ಗಿ ಅರವತ್ತು ದಾಟಿದವಳು. ಮೊದಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳಂತೆ, ಈಗ ಕುದುರೆಯ ಮೇಲೆ ಈಟಿ ಹಿಡಿದು ಪಂದ್ಯವಾಡುವವರಿಗೆ ಕವಚ ಮಾಡಿಕೊಡುತ್ತಾಳೆ. ತನ್ನಂಥ ಕೈ ಇಡೀ ಟಿರೋಲ್ ಸೀಮೆಯಲ್ಲಿ ಇಲ್ಲವೆಂದು ತಾನೇ ಹೇಳಿಕೊಳ್ಳುತ್ತಾಳೆ. ನನ್ನ ಚಿತ್ರ ನೋಡಿ ಮೊದಲು ನಕ್ಕಳು.

"ಏನ್ ತಾಯಿ, ನಿನ್ ರಾಣಿಗೆ ಎರಡೂ ಕಡೆ ಒಂದೇನಾ? ಅಂಥ ಮನುಷ್ಯರನ್ನ ನಾನಿನ್ನೂ ಕಂಡಿಲ್ಲ."

ಅರ್ಧ ಬರೆದು ಕಂಪ್ಯೂಟರಿನಲ್ಲಿ ಅದನ್ನೇ ಮಗುಚಿ ಇನ್ನರ್ಧ ಮಾಡಿಕೊಳ್ಳುವುದು ನಮ್ಮ ಕಸುಬಿನವರ ಅಭ್ಯಾಸ. ನನಗೆ ನಾಚಿಕೆಯಾಯಿತು. ಅವಳ ಕವಚದಲ್ಲಿ ಏಟು ಬೀಳುವ ಎಡಭುಜಕ್ಕೆ ದೊಡ್ಡ ತಗಡು, ಈಟಿಯನ್ನು ಕಂಕುಳಲ್ಲಿ ಇರುಕಿಸಬೇಕಾದ ಬಲಭುಜಕ್ಕೆ ಕತ್ತರಿಸಿದ ಚಿಕ್ಕ ತಗಡು. ಅಳತೆ ತೆಗೆಯುವಾಗ ಯಾರ ಭುಜ ತಗ್ಗು, ಯಾರ ಸೊಂಟ ವಾಲಿದೆ ಎಂದು ಅವಳು ನೋಡುತ್ತಾಳೆ, ಹಾಗೆಯೇ ಬಡಿಯುತ್ತಾಳೆ. ಮೈಯನ್ನು ಕಬ್ಬಿಣಕ್ಕೆ ಹೊಂದಿಸುವ ಮಾತೇ ಅಲ್ಲಿಲ್ಲ.

ನನಗೂ ಒಂದು ಕವಚ ತೊಡಿಸಿದಳು. ಬಲಸೊಂಟದ ಮೂಳೆಗೆ ಅಂಚು ಒತ್ತುತ್ತಿತ್ತು. ಅತಿಥಿ ಅಲ್ಲವೇ, ಹಲ್ಲು ಕಚ್ಚಿ ನಿಂತಿದ್ದೆ. ಅವಳು ನನ್ನ ಮುಖ ನೋಡಿಯೇ ಕಂಡುಹಿಡಿದಳು.

"ಒತ್ತುತ್ತೆ ಅಂತ ಬಾಯಿ ಬಿಟ್ಟು ಹೇಳೋಕೇನು ರೋಗ?" ಎಂದು ಗದರಿದಳು. "ಚುಚ್ಚೋ ಕವಚಾನ ಯಾವ ಸೈನಿಕಾನೂ ಹಾಕ್ಕೊಳಲ್ಲ ಕಣೆ. ಗಾಡೀಲಿ ಬಿಸಾಕಿ ಬರೀ ಮೈಯಲ್ಲಿ ಹೋಗ್ತಾನೆ, ಸಾಯ್ತಾನೆ. ಆಗ ಅವನನ್ನ ಬೈದು ಏನ್ ಬಂತು? ತಪ್ಪು ತೊಟ್ಟವನದಲ್ಲ, ಸುತ್ತಿಗೇದು."

ಬಿಚ್ಚಿಸಿ, ಅಂಚನ್ನು ಹೊರಕ್ಕೆ ಮಡಿಸಿ ಬಡಿದು, ಮತ್ತೆ ತೊಡಿಸಿದಳು. ಓಟಿಲಿ, ಅದನ್ನು ಹೇಗೆ ಹೇಳಲಿ? ನಾನು ಕೈ ಎತ್ತಿದೆ, ಕಬ್ಬಿಣವೂ ಜೊತೆಗೆ ಎದ್ದಿತು. ಬಗ್ಗಿದೆ, ಮೀನಿನ ಹುರುಪೆಯಂತೆ ತಗಡುಗಳು ಒಂದರ ಕೆಳಗೊಂದು ಸರಿದವು. ಭಾರವೆಲ್ಲ ಸೊಂಟದ ಮೇಲೆ ಕೂತು ಭುಜ ಹಗುರವಾಗಿತ್ತು. ಇಪ್ಪತ್ತು ವರ್ಷ ಕವಚ ಬರೆದು ಹೊಟ್ಟೆ ಹೊರೆದುಕೊಂಡವಳು ನಾನು, ಅದರೊಳಗೆ ಒಬ್ಬರು ಉಸಿರಾಡಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕುಲುಮೆಯ ನಡುವೆ ನಿಂತು ಕಣ್ಣಲ್ಲಿ ನೀರು ತಂದುಕೊಂಡೆ. ಬುರ್ಗಿ ಅದನ್ನು ತನ್ನ ಕೈಚಳಕಕ್ಕೆ ಸಂದ ಮೆಚ್ಚುಗೆ ಎಂದುಕೊಂಡು ಬೀಗಿದಳು.

ಅತ್ತದ್ದು ಅದಕ್ಕೆ ಮಾತ್ರ ಅಲ್ಲ. ಡಾಕ್ಟರು ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನೀನು ಗಟ್ಟಿ ಪ್ಲಾಸ್ಟಿಕ್ಕಿನ ಆ ಬೆನ್ನಿನ ಬ್ರೇಸ್ ಹಗಲು ರಾತ್ರಿ ಹಾಕಿಕೊಂಡರೆ ಸರಿ, ಇಲ್ಲದಿದ್ದರೆ ಚಳಿಗಾಲಕ್ಕೆ ಆಪರೇಷನ್. ಈಸ್ಟರ್‌ನಿಂದ ನೀನು ಅದನ್ನು ಮುಟ್ಟಿಲ್ಲ. ಚುಚ್ಚುತ್ತದೆ ಎಂದಾಗ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಹಂಗಿಸಿದೆ. ಬೆನ್ನು ಬಾಗಿದ ಹುಡುಗಿಗೆ ಯಾರಾದರೂ ಆ ಗಾದೆ ಹೇಳುತ್ತಾರೆಯೇ? ನಿನ್ನ ಅಜ್ಜಿ ಅಂದೇ ನನ್ನನ್ನು ದುರುಗುಟ್ಟಿ ನೋಡಿದ್ದಳು.

ರಾಣಿಯನ್ನು ಮೊದಲಿನಿಂದ ಬರೆದೆ. ಹೊಟ್ಟೆ ಮುಚ್ಚಿದೆ, ಕೊಂಬು ಕಿತ್ತೆ. ಈಗ ಅವಳ ಎಡಭುಜ ನಿನ್ನದರಂತೆಯೇ ತುಸು ತಗ್ಗು, ಸೊಂಟ ಬಲಕ್ಕೆ, ಕವಚವೂ ಹಾಗೆಯೇ. ಸೆವೆರಿನ್ ಫೋನ್ ಮಾಡಿ, "ಒಂದ್ ಭುಜ ಕೆಳಗಿದೆಯಲ್ಲ, ಅಳತೆ ತಪ್ಪಿತಾ?" ಎಂದ. ಅವಳು ನಿಲ್ಲುವುದೇ ಹಾಗೆ ಎಂದೆ. "ಯಾರಿಗೂ ಹೆದರೋ ಹಾಗೆ ಕಾಣಲ್ಲ ಅವಳು" ಎಂದ. ನಿನ್ನ ನಿಲುವನ್ನು ನಿನ್ನನ್ನು ಕೇಳದೆ ಬರೆದಿದ್ದೇನೆ. ಬೇಡವೆಂದರೆ ಅಳಿಸುತ್ತೇನೆ, ಮನಸ್ಸಿಗೆ ನೋವಾದರೂ ಅಳಿಸುತ್ತೇನೆ.

ಬುಧವಾರ ಲಿಂಟ್ಸ್‌ಗೆ, ಮನೆಗೆ ಬರುತ್ತೇನೆ. ಅಜ್ಜಿಗೆ ಹೇಳು, ಕ್ನೋಡೆಲ್ ಕಡುಬು ನನಗೂ ಎರಡು ಉಳಿಸಿರಲಿ.

ನಿನ್ನ ಮಾತು ಕೇಳಲು ಈಗಷ್ಟೇ ಕಲಿಯುತ್ತಿರುವ,
ಅಮ್ಮ

ತಾ.ಕ.: ನೀನು ಬೀರುವಿನ ಹಿಂದೆ ಬಿಸಾಕಿದ್ದ ಬ್ರೇಸ್ ಈಗ ಅಲ್ಲಿಲ್ಲ. ನಿನಗೆ ಹೇಳದೆ ನನ್ನ ಸೂಟ್‌ಕೇಸಿನಲ್ಲಿ ತಂದಿದ್ದೇನೆ. ನೀನು ಇಷ್ಟು ದಿನ ಅದನ್ನು ಹುಡುಕಿಯೇ ಇಲ್ಲವೆಂದು ಗೊತ್ತು, ಆ ವಿಚಾರ ಎತ್ತುವುದಿಲ್ಲ. ಇವತ್ತು ಧೈರ್ಯ ಮಾಡಿ ಬುರ್ಗಿಯ ಮುಂದಿಟ್ಟೆ. ಎಲ್ಲಿ ಚುಚ್ಚುತ್ತದೆ ಎಂದು ನಾನು ಹೇಳಲಿಲ್ಲ. ಅವಳು ಕಣ್ಣು ಮುಚ್ಚಿ ಒಳಗೆಲ್ಲ ಅಂಗೈ ಆಡಿಸಿದಳು, ಒಂದು ಕಡೆ ಕೈ ನಿಲ್ಲಿಸಿದಳು, ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದಳು. "ಇದನ್ನ ನಾನು ಮುಟ್ಟಲ್ಲ, ಮಾಡಿದವರ ಹತ್ರಾನೇ ಒಯ್ದು ಸರಿ ಮಾಡಿಸು" ಎಂದಳು. ಗುರುವಾರಕ್ಕೆ ಅವರಲ್ಲಿ ಸಮಯ ತೆಗೆದುಕೊಂಡಿದ್ದೇನೆ, ನೀನು ಬರುವುದಾದರೆ. ಅವಳು ಗೆರೆ ಎಳೆದ ಜಾಗ, ಮಗಳೇ, ನೀನು ಮೊದಲ ದಿನದಿಂದ ನನಗೆ ಬೆರಳಿಟ್ಟು ತೋರಿಸುತ್ತಿದ್ದ ಜಾಗವೇ.